ಗರ್ಭಿಣಿಯ ಹೆಸರು ಎಂಬಲ್ಲಿ

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಮೇಜಿನ ಮೇಲಿರುವುದು ಹೆರಿಗೆ ಸಹಾಯಧನದ ಹೊಸ ಅರ್ಜಿ. ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡಿಡು, ಮಧ್ಯಾಹ್ನ ಬಂದು ಒಯ್ಯುತ್ತೇನೆ.

ಹಳೆಯದು ನಿನ್ನೆ ವಾಪಸ್ ಬಂತು. ಕಚೇರಿ ಬಾಗಿಲಲ್ಲಿ ಕೂತು ಊರವರ ಅರ್ಜಿಯೆಲ್ಲ ಬರೆದುಕೊಡುವ ನಾನು, ನಮ್ಮದನ್ನು ಯಾರಾದರೂ ನೋಡಿಯಾರೆಂದು ಪೇಪರಿನಡಿ ಬಚ್ಚಿಟ್ಟು ಬರೆಯುವ ಗಡಿಬಿಡಿಯಲ್ಲಿ, ಗರ್ಭಿಣಿಯ ಹೆಸರು ಎಂಬಲ್ಲಿ ನನ್ನ ಹೆಸರನ್ನೇ ಬರೆದಿದ್ದೆ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, “ನಿಮಗೀಗ ಎಷ್ಟು ತಿಂಗಳು?” ಎಂದು ಕೇಳಿದರು. ಸಾಲಿಗೆ ಸಾಲೇ ನಕ್ಕಿತು.

ಸಾಲಿನಲ್ಲಿ ನನ್ನ ಹಿಂದೆಯೇ ಒಬ್ಬ ಬಸುರಿ ಟೈಲರ್ ಇದ್ದಳು. ಹೋದ ತಿಂಗಳು ಇದೇ ಅರ್ಜಿ ಬರೆಸಲು ಬಂದವಳಿಗೆ, “ಮಗು ನಿಮ್ದು, ಖರ್ಚು ಮಾತ್ರ ಸರ್ಕಾರದ್ದಾ?” ಎಂದು ಅರ್ಧ ಗಂಟೆ ಕೊರೆದಿದ್ದೆ. ಅವಳು ತಾನು ಕೂರಲು ತಂದಿದ್ದ ಸ್ಟೂಲನ್ನು ನನ್ನತ್ತ ತಳ್ಳಿ, “ಜೀವ ಎರಡಾಗಿರೋವಾಗ ನಿಂತ್ಕೋಬಾರ್ದು ಅಣ್ಣ, ಕೂತ್ಕೊಳ್ಳಿ” ಅಂದಳು. ನಾನು ಕೂತೆ.

ಇವತ್ತಿನಿಂದ ನೀನು ಇಸ್ತ್ರಿ ಅಂಗಡಿಯ ಕೆಲಸಕ್ಕೆ ಹೋಗಬೇಡ. ಮಾಲೀಕರಿಗೆ ನಾನೇ ಹೇಳುತ್ತೇನೆ. ಸಹಾಯಧನ ಬಂದರೆ ನನ್ನ ಉಪದೇಶವೆಲ್ಲ ಮಣ್ಣುಪಾಲು, ಆಗಲಿ. ಏನನ್ನೂ ಹೊರದ ನನಗೇ ಕೂರಲು ಸ್ಟೂಲ್ ಸಿಕ್ಕಿತು. ನೀನು ಏಳು ತಿಂಗಳಿಂದ ನಿಂತೇ ಇದ್ದೀಯ, ಕೂತುಕೋ.