ಹೂಂ ಅಂದದ್ದು ಒಪ್ಪಿಗೆಯಲ್ಲ

ಜನರ ಅಹವಾಲನ್ನು ವಿಡಿಯೊದಲ್ಲೇ ಕೇಳಿ ವಿಡಿಯೊದಲ್ಲೇ ಮುಗಿಸಿಬಿಡುವ ಮಾನ್ಯ ಅಧಿಕಾರಿಗಳೇ,

ಬಿಳೇಕಹಳ್ಳಿಯ ಹಳೇ ಊರಿನಿಂದ ಮೇನ್ ರೋಡಿಗೆ ಹೋಗುವ ನಮ್ಮ ಓಣಿಗೆ ಗೇಟು ಹಾಕಬಹುದು ಎಂದು ಆದೇಶ ಹೊರಡಿಸಿದ್ದೀರಿ. ಅದಕ್ಕೆ ನಾನು, ಅಂದರೆ ಗೇಟು ಬೇಡವೆಂದು ಅರ್ಜಿ ಕೊಟ್ಟ ತಿಮ್ಮರಾಯಪ್ಪನೇ, 'ಮೌಖಿಕವಾಗಿ ಸಮ್ಮತಿಸಿರುತ್ತಾರೆ' ಎಂದೂ ಬರೆದಿದ್ದೀರಿ. ನಾನು ಯಾವಾಗ ಸಮ್ಮತಿಸಿದೆ ಸ್ವಾಮಿ? ನಾನು ಹೂಂ ಅಂದೆ, ಅಷ್ಟೇ. ಇವೆರಡಕ್ಕೂ ವ್ಯತ್ಯಾಸ ಗೊತ್ತಿಲ್ಲದ ಕನ್ನಡದವರು ಯಾವ ಸೀಮೆಯಲ್ಲಿದ್ದಾರೆ?

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕೋಪ ಬೇಗ ಬರುತ್ತದೆ. ಎರಡನ್ನೂ ನಾನೇ ಮೊದಲು ಹೇಳಿಬಿಟ್ಟಿದ್ದೇನೆ, ಆಮೇಲೆ ನೀವೇನೋ ಕಂಡುಹಿಡಿದವರಂತೆ ಆಡಬೇಡಿ. ಆ ಓಣಿಯಲ್ಲಿ ಹಿಂದೆ ನಮ್ಮ ದನಗಳು ಓಡಾಡುತ್ತಿದ್ದವು, ಅವುಗಳಿಗೆ ಯಾರೂ ಗೇಟು ಹಾಕಿರಲಿಲ್ಲ. ಈಗ ನನ್ನ ಹೆಂಡತಿ ಸೊಣ್ಣಮ್ಮ ಮಂಡಿನೋವಿನ ವ್ಯಾಯಾಮಕ್ಕೆಂದು ಅಲ್ಲೇ ಗೋಡೆ ಹಿಡಿದುಕೊಂಡು ಮೇನ್ ರೋಡಿನ ಕ್ಲಿನಿಕ್ಕಿಗೆ ಹೋಗುತ್ತಾಳೆ. ಪಕ್ಕದ ಅಪಾರ್ಟ್‌ಮೆಂಟಿನವರು ಭದ್ರತೆಗೆಂದು ಗೇಟು ಜಡಿದರೆ ಅವಳು ಇಡೀ ಲೇಔಟು ಸುತ್ತಬೇಕು. ಮಂಡಿ ಸರಿಹೋಗಲೆಂದು ಹೋಗುವವಳು ಅಷ್ಟು ದೂರ ನಡೆಯುವಷ್ಟು ಗಟ್ಟಿಯಿದ್ದರೆ ಕ್ಲಿನಿಕ್ಕಿಗಾದರೂ ಯಾಕೆ ಹೋಗುತ್ತಿದ್ದಳು?

ಇದನ್ನೇ ನಿಮ್ಮ ಮುಂದೆ ನಿಂತು ಹೇಳೋಣವೆಂದು ಬಸ್ಸು ಹತ್ತಿ ಜಯನಗರದ ನಿಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ಕುರ್ಚಿಯಿಂದ ಏಳಲೂ ಇಲ್ಲ.

"ಹಿಯರಿಂಗ್ ಎಲ್ಲಾ ಈಗ ವಿಡಿಯೊದಲ್ಲೇ ಅಂಕಲ್. ಮೊಬೈಲಿಗೆ ಲಿಂಕ್ ಬರುತ್ತೆ."

"ಸಾಹೇಬ್ರು ಒಳಗಿಲ್ವಾ?"

"ಇದಾರೆ."

"ನಾನೂ ಇಲ್ಲೇ ಇದೀನಲ್ಲಪ್ಪ?"

"ಅದಕ್ಕೇ ಅಂಕಲ್, ಮನೆಗ್ ಹೋಗಿ ಅನ್ನೋದು."

ನಿಮಗೂ ನನಗೂ ನಡುವೆ ಇದ್ದದ್ದು ಒಂದು ಬಾಗಿಲು. ನಿಮ್ಮ ಮುಖ ನೋಡಬೇಕಾದರೆ ಮಾತ್ರ ನಾನು ತಿರುಗಿ ಬಿಳೇಕಹಳ್ಳಿಗೆ ಹೋಗಬೇಕು! ಇದಕ್ಕೆ ನೀವು ಜನರ ಮನೆ ಬಾಗಿಲಿಗೆ ಸೇವೆ ಎನ್ನುತ್ತೀರಂತೆ. ಸರಿ, ಹೋದೆ.

ನನ್ನ ಸೊಸೆ ಹೇಮಶ್ರೀ ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ, ದಿನವೆಲ್ಲ ಕಂಪ್ಯೂಟರಿನ ಜೊತೆಯೇ ಮಾತಾಡುವವಳು. ಅವಳೇ ನನಗೆ ಗುರು.

"ಮಾವ, ಇದು ಮೈಕು. ಮಾತಾಡೋಕ್ ಮುಂಚೆ ಒಂದ್ಸಲ ಒತ್ತಿ, ಮುಗಿದ್ಮೇಲೆ ಇನ್ನೊಂದ್ಸಲ ಒತ್ತಿ."

"ಪಂಪ್‌ಸೆಟ್ ಥರ ಅನ್ನು."

"ಹೂಂ ಮಾವ, ಪಂಪ್‌ಸೆಟ್ ಥರಾನೇ."

ಹಿಯರಿಂಗಿನ ದಿನ ಅವಳು ಕೆಲಸಕ್ಕೆ ಹೋಗಿದ್ದಳು. ಇಸ್ತ್ರಿ ಅಂಗಿ ಹಾಕಿಕೊಂಡು ಮೊಬೈಲಿನ ಮುಂದೆ ಕೂತೆ. ಕಾಯಿರಿ ಎಂದಿತು, ಕಾದೆ. ಕೊನೆಗೆ ತಮ್ಮ ದರ್ಶನವಾಯಿತು: ಅರ್ಧ ಹಣೆ, ಮೇಲೆ ತಿರುಗುವ ಫ್ಯಾನು. ಹಣೆಗೇ ಕೈಮುಗಿದೆ, ಮೈಕು ಒತ್ತಿದೆ, ಎದೆಯಲ್ಲಿದ್ದದ್ದನ್ನೆಲ್ಲ ಹೇಳಿದೆ. ಸೊಣ್ಣಮ್ಮನ ಮಂಡಿ ಹೇಳಿದೆ, ಓಣಿಯ ಕಥೆ ಹೇಳಿದೆ, ನೀರು ಕುಡಿದು ಮತ್ತೆ ಹೇಳಿದೆ. ನಿಮ್ಮ ಕಡೆಯಿಂದ ಉಸಿರಿಲ್ಲ. ಎಷ್ಟು ಗಮನವಿಟ್ಟು ಕೇಳುತ್ತಿದ್ದಾರೆ, ದೊಡ್ಡ ಮನುಷ್ಯರು ಅಂದುಕೊಂಡೆ. ಮುಗಿಸಿ ಮತ್ತೆ ಮೈಕು ಒತ್ತಿದೆ.

"ಮುಗೀತಾ ಯಜಮಾನ್ರೇ?" ಅಂದಿರಿ.

"ಹೂಂ."

"ಅಪಾರ್ಟ್‌ಮೆಂಟಿನವ್ರಿಗೆ ಭದ್ರತೆ ಮುಖ್ಯ."

"ಹೂಂ."

"ಅದಕ್ಕೆ ಅವ್ರು ಗೇಟ್ ಹಾಕ್ತಾರೆ."

"ಹೂಂ..." ಎಂದು ಎಳೆದೆ. ಮುಂದೆ 'ಆದರೆ' ಅನ್ನುತ್ತೀರಿ ಎಂದು ಕಾಯುತ್ತಿದ್ದೆ. 'ಆದರೆ' ಬರಲಿಲ್ಲ. "ಸರಿ ಹಾಗಾದ್ರೆ, ಥ್ಯಾಂಕ್ಯೂ" ಎಂದಿರಿ, ಪರದೆ ಕಪ್ಪಾಯಿತು.

ಸಂಜೆ ಹೇಮಶ್ರೀಗೆ ನಡೆದದ್ದನ್ನೆಲ್ಲ ಮಾಡಿ ತೋರಿಸಿದೆ. ಅವಳು ಬಾಯಿಗೆ ಸೆರಗಿಟ್ಟುಕೊಂಡಳು. "ಮಾವ, ಮೈಕು ಮೊದ್ಲೇ ಆನ್ ಇತ್ತು. ನೀವ್ ಒತ್ತಿದ್ದಕ್ಕೆ ಆಫ್ ಆಗಿದೆ. ಮಾತಾಡಿದ್ದು ಒಂದೂ ಹೋಗಿಲ್ಲ."

"ಏನೂ ಹೋಗಿಲ್ವಾ?"

"ಹೂಂ ಅಂದಿದ್ದು ಹೋಗಿದೆ."

ಓಡುತ್ತಿರುವ ಪಂಪ್‌ಸೆಟ್ಟಿನ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆ, ಒಪ್ಪಿದೆ, ಗುಂಡಿಯ ತಪ್ಪು ನನ್ನದೇ. ಆದರೆ ಮುದುಕನೊಬ್ಬ ಎದುರಿಗೆ ಬಾಯಿ ಆಡಿಸುತ್ತಿದ್ದಾನೆ, ಕೈ ಬೀಸುತ್ತಿದ್ದಾನೆ, ಒಂದಕ್ಷರವೂ ಕೇಳಿಸುತ್ತಿಲ್ಲ. 'ಯಜಮಾನ್ರೇ, ಕೇಳಿಸ್ತಿಲ್ಲ' ಎನ್ನಲು ನಿಮಗೂ ಲಿಂಕ್ ಬರಬೇಕಿತ್ತೇ? ಅಥವಾ ಕೇಳಿಸದಿದ್ದದ್ದೇ ನೆಮ್ಮದಿಯಾಗಿತ್ತೇ?

ಇನ್ನು ಹೂಂ ವಿಚಾರ. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ನಿಲ್ಲಿಸಿದರೆ ಮಲಗಿದೆವೆಂದು ತಿಳಿದು ಕಥೆಯನ್ನೂ ನಿಲ್ಲಿಸಿಬಿಡುತ್ತಿದ್ದಳು. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಅಂದಾಗಲೂ ಹೂಂ ಅನ್ನುತ್ತಿದ್ದೆವು. ಅದರರ್ಥ ಹೊತ್ತುಕೊಂಡು ಹೋಗಲಿ ಎಂದೇ? ಸೊಣ್ಣಮ್ಮ ಬೇಗೂರಿನ ತಂಗಿಯ ಜೊತೆ ಫೋನಿನಲ್ಲಿ ಕೂತರೆ ಅನ್ನ ಸೀದರೂ, ತಂಗಿ ಅದು ಕೊಡು ಇದು ಕೊಡು ಅಂದರೂ ಬರೀ ಹೂಂ. ಅದೆಲ್ಲ ಸಮ್ಮತಿಯಾಗಿದ್ದರೆ ನಮ್ಮ ಮನೆ ಬಾಗಿಲು ಸಮೇತ ಯಾವತ್ತೋ ಬೇಗೂರು ಸೇರುತ್ತಿತ್ತು. ಹೂಂ ಅಂದರೆ ಕೇಳಿಸ್ತಿದೆ, ಹೇಳು, ನಾನಿಲ್ಲೇ ಇದೀನಿ ಎಂದು. ಅದು ಮರ್ಯಾದೆ ಸ್ವಾಮಿ, ಮರ್ಯಾದೆ! ಎದುರಿನವರು ಮಾತಾಡುವಾಗ ಕಲ್ಲಿನಂತೆ ಕೂರುವುದನ್ನು ನಾನು ನಿಮ್ಮಷ್ಟು ಓದಿ ಕಲಿತಿಲ್ಲ.

ಈಗ ಓಣಿಯ ಬಾಯಲ್ಲಿ ಗೇಟಿನ ಕಂಬಕ್ಕೆ ಗುಂಡಿ ತೋಡಿದ್ದಾರೆ. ಸೊಪ್ಪು ಮಾರುವ ಮುನಿವೆಂಕಟಮ್ಮ ಅದನ್ನು ದಾಟುತ್ತಾ, "ಏನ್ ತಿಮ್ಮರಾಯಣ್ಣ, ಗೇಟಿಗೆ ಕಾಯಿ ಒಡೆಯೋದೂ ನೀನೇನಾ?" ಎಂದು ಕೇಳಿದಳು. ಅದನ್ನಾದರೂ ನುಂಗಿಕೊಂಡೆ. ನುಂಗಲಾಗದ್ದು ಮನೆಯೊಳಗಿನದು. ಆದೇಶ ಬಂದ ದಿನ ಸೊಣ್ಣಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ನನ್ ದಾರಿ ಮುಚ್ಚೋಕೆ ನೀನೇ ಹೂಂ ಅಂದ್ಯಾ?" ಎಂದಳು. ಮೈಕಿನ ಕಥೆಯನ್ನು ಮೊದಲಿಂದ ಹೇಳಿದೆ. ಎಷ್ಟು ಹೇಳಿದರೂ ಆ ಕಡೆಯಿಂದ ಹೂಂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅನ್ನ ಇಡುತ್ತಾಳೆ, ಕಾಫಿ ಕೊಡುತ್ತಾಳೆ, ನಾನು ಮಾತಾಡಿದರೆ ಮಾತ್ರ ನಿಮ್ಮ ಹಣೆಯ ಹಾಗೆ ಸುಮ್ಮನಿರುತ್ತಾಳೆ. ನಮ್ಮ ಮನೆಯೂ ನಿಮ್ಮ ಕಚೇರಿಯಾಗಿಬಿಟ್ಟಿದೆ.

ಆದ್ದರಿಂದ ನನ್ನ ಹೂಂ ಅನ್ನು ವಾಪಸ್ ಕೊಡಿ. ಆದೇಶ ರದ್ದು ಮಾಡಿ, ಕಂಬ ಏಳುವ ಮೊದಲು ಓಣಿಗೆ ಬನ್ನಿ. ಹಣೆ ಮಾತ್ರವಲ್ಲ, ಪೂರ್ತಿ ಬನ್ನಿ. ಸೊಣ್ಣಮ್ಮನ ಹಿಂದೆ ಅವಳ ನಡಿಗೆಯಲ್ಲೇ ಮೇನ್ ರೋಡಿನವರೆಗೆ ನಡೆಯಿರಿ. ನಾನು ಮತ್ತೆ ಮೊದಲಿಂದ ಹೇಳುತ್ತೇನೆ. ನಡುನಡುವೆ ನೀವು ಒಂದೊಂದು ಹೂಂ ಅನ್ನಿ, ಅವಳಿಗೂ ಕೇಳಿಸುವ ಹಾಗೆ. ಹೆದರಬೇಡಿ, ಅದನ್ನು ನಾನು ಒಪ್ಪಿಗೆ ಎಂದು ಬರೆದುಕೊಳ್ಳುವುದಿಲ್ಲ.

ಇಂತಿ,
ನಿಮಗೆ ಹೂಂ ಅಂದು ಮನೆಯ ಹೂಂ ಕಳೆದುಕೊಂಡ
ತಿಮ್ಮರಾಯಪ್ಪ
ಬಿಳೇಕಹಳ್ಳಿ ಹಳೇ ಊರು