ಕಾಲುವೆಯಲ್ಲಿ ಮುಳುಗಿದವನು ನಾನು

ಕೊಲಂಬೊ, 12 ಫೆಬ್ರವರಿ 1969, ಬುಧವಾರ

ಹೊಟ್ಟೆ ಉರಿಯುತ್ತಿದೆ, ನಿದ್ದೆ ಹತ್ತುತ್ತಿಲ್ಲ. ನಮ್ಮ ಸಿಂಧನೂರು ಸುವಾರ್ತಾ ತಂಡದ ಪರವಾಗಿ ಚರ್ಚಿನ ಸಭೆಯಲ್ಲಿ, ದೇವರು ತನ್ನನ್ನು ಕಾಪಾಡಿದ ಸಾಕ್ಷಿ ಹೇಳಲು ನಿಂತ ಗೆಳೆಯ ಆಶೀರ್ವಾದಪ್ಪ, ನನ್ನ ಸಾಕ್ಷಿಯನ್ನೇ ತನ್ನದೆಂದು ಹೇಳಿಬಿಟ್ಟ. ಗೊರೇಬಾಳದ ಕಾಲುವೆಯಲ್ಲಿ ಮುಳುಗಿದವನು ನಾನು, ದೇವರನ್ನು ಕೂಗಿದವನು ನಾನು. ಸಿಲೋನಿನ ಜನ ಅತ್ತು ಅವನನ್ನು ಅಪ್ಪಿಕೊಂಡರು. ನಾನು ಹಾಡಿಗೆ ಬಡಿಯುವ ದಮ್ಮಡಿ ಹಿಡಿದು ಮೂಲೆಯಲ್ಲಿ ಕೂತಿದ್ದೆ.

"ಅದು ನಂದಲ್ಲೇನಲೇ?" ಎಂದು ಸಭೆ ಮುಗಿದ ಮೇಲೆ ಕೇಳಿದೆ.

"ದೇವರ ಕೆಲಸದಾಗ ನಿಂದು ನಂದು ಏನೈತಲೇ? ನೀ ನಿಂತಿದ್ರ ನಡುಗಿ ಅರ್ಧಕ್ಕ ಕುಂದರ್ತಿದ್ದಿ!" ಎಂದು ನಕ್ಕ.

ನಡುಗುತ್ತೇನೆ, ನಿಜ. ಇಲ್ಲಿಂದ ಹಡಗಿನಲ್ಲಿ ಮಲೇಷ್ಯಾದ ಪಿನಾಂಗಿಗೆ ಹೋಗುತ್ತೇವೆ; ಅಲ್ಲಿ ಸಾಕ್ಷಿ ಹೇಳುವ ಸರದಿ ನನ್ನದು. ಇರುವುದೊಂದೇ ಸಾಕ್ಷಿ. ಅದನ್ನು ಪೂರ್ತಿ ಹೇಳಿದರೆ, ನೀರಿಗೆ ಹಾರಿ ನನ್ನ ಕೂದಲು ಹಿಡಿದೆಳೆದವನು ಆಶೀರ್ವಾದಪ್ಪನೇ ಎಂದೂ ಹೇಳಬೇಕು. ಅಲ್ಲಿಯೂ ಜನ ಅವನನ್ನೇ ಅಪ್ಪಿಕೊಳ್ಳುತ್ತಾರೆ.