ಒಂಟಿಕಾಲಿನ ಮೂವತ್ತೆರಡು ಸೆಕೆಂಡು

ಬೆಟ್ಟದಪುರ
೭ ಆಗಸ್ಟ್ ೨೦೨೫, ಗುರುವಾರ, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಶಾಂತಾ,

ಮೇಲಿನ ಎರಡು ಪದ ಬರೆಯುವುದಕ್ಕೆ ನನಗೆ ಕಾಲು ಗಂಟೆ ಹಿಡಿಯಿತು. ಮೊದಲು ‘ಸೌಭಾಗ್ಯವತಿ ಗುರುಶಾಂತಮ್ಮನವರಿಗೆ’ ಎಂದು ಬರೆದೆ. ಅದು ಸೊಸೈಟಿಯಿಂದ ಬಂದ ನೋಟೀಸಿನ ಹಾಗೆ ಕಂಡಿತು, ಹರಿದು ಹಾಕಿದೆ. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನು ನನ್ನನ್ನು ಬಿಟ್ಟು ಇಷ್ಟು ದಿನ ಇದ್ದದ್ದೂ ಇದೇ ಮೊದಲು ಬಿಡು. ಹೇಗಿದ್ದೀಯ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಇದ್ದಬದ್ದ ಎಣ್ಣೆಯನ್ನೆಲ್ಲ ಮಗಳಿಗೂ ಮೊಮ್ಮಗಳಿಗೂ ಸುರಿದು ನೀನು ಒಣಕಲಾಗಿ ಕೂತಿದ್ದೀಯೋ? ಬಾಣಂತಿ ಪುಟ್ಟಿಯ ಬೆನ್ನುನೋವು ಹೇಗಿದೆ? ಕೂಸು ಹೊಟ್ಟೆ ತುಂಬ ಕುಡಿಯುತ್ತದೆಯೇ? ನಾನು ಆರೋಗ್ಯ. ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಿದ್ದೇನೆ. ಸೊಸೆ ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದಾಳೆ. ನಿನ್ನ ಮುದ್ದೆಗಿಂತ ಮೆತ್ತಗಿರುತ್ತದೆ ಎಂದು ಬರೆದರೆ ನಿನಗೆ ಬೇಜಾರು, ಗಟ್ಟಿ ಎಂದು ಬರೆದರೆ ಅವಳಿಗೆ ಬೇಜಾರು, ಆದ್ದರಿಂದ ಮುದ್ದೆಯ ವಿಷಯ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಬ್ಯಾರನ್ನಿನ ಒಲೆ ಉರಿಯುತ್ತಿದೆ, ಹೊಗೆಸೊಪ್ಪು ಬೇಯುತ್ತಿದೆ. ಮಳೆಗೆ ಸೊಪ್ಪು ಚೆನ್ನಾಗಿ ಬಂದಿದೆ, ಇದು ಮೂರನೇ ಸಲ ಬೇಯಿಸುತ್ತಿರುವುದು. ಮನೆಯೆಲ್ಲ ಹೊಗೆಸೊಪ್ಪಿನ ಘಾಟು. ಇದು ಬಾಣಂತಿಗೆ ಆಗದು ಎಂದು ನೀನೇ ಕೆ.ಆರ್. ನಗರಕ್ಕೆ ಹೋಗಿ ಮಗಳ ಮನೆಯಲ್ಲೇ ಬಾಣಂತನ ಮಾಡುತ್ತಿರುವುದು ಒಳ್ಳೆಯದಾಯಿತು. ನನಗೆ ಒಳ್ಳೆಯದಾಯಿತು ಎಂದಲ್ಲ, ಕೂಸಿಗೆ.

ಇನ್ನು ವಿಷಯಕ್ಕೆ ಬರುತ್ತೇನೆ. ಟೆಂಪೋ ಪುಟ್ಟಮಲ್ಲಪ್ಪ ಅಕ್ಕಿ ತುಂಬಲು ನಿಮ್ಮ ಕಡೆ ಬಂದಾಗ ನಿಮ್ಮ ಬಾಗಿಲಲ್ಲಿ ನಿಂತು, “ನಿಮ್ಮೆಜಮಾನ್ರು ಒಂಟಿಕಾಲ್ನಲ್ಲಿ ತಪಸ್ಸು ಮಾಡ್ತಾವ್ರೆ ಕಣವ್ವಾ, ಊರೋರು ಹಣ್ಣುಕಾಯಿ ಮಡಗ್ತಾವ್ರೆ” ಎಂದು ಹೇಳಿ, ನೀನು ಕೊಟ್ಟ ಕಾಫಿಯನ್ನೂ ಕುಡಿದು ಬಂದನಂತೆ. ಮೊನ್ನೆ ನೀನು ಫೋನ್ ಮಾಡಿ, “ಏನ್ರೀ ಅರಕೆ? ಯಾರ್ನ ಕೇಳಿ ಒತ್ಕೊಂಡ್ರಿ?” ಎಂದು ಗದರಿದಾಗ ನಾನು ‘ಏನೂ ಇಲ್ಲ’ ಎಂದು ಫೋನ್ ಇಟ್ಟುಬಿಟ್ಟೆ. ಇಡದೆ ಏನು ಮಾಡಲಿ? ನಿನಗೆ ಕೇಳಿಸುವುದಿಲ್ಲ ಎಂದು ಪುಟ್ಟಿ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ. ಪಕ್ಕದಲ್ಲಿ ಬೀಗಿತ್ತಿ ಕೊತ್ತಂಬರಿ ಸೊಪ್ಪು ಬಿಡಿಸುತ್ತ ನಕ್ಕದ್ದು ನನಗೆ ಇಲ್ಲಿಗೇ ಕೇಳಿಸಿತು. ಅದಕ್ಕೇ ಈ ಕಾಗದ. ಸುದ್ದಿ ಹೊತ್ತು ತಂದ ಪುಟ್ಟಮಲ್ಲಪ್ಪನೇ ಇದನ್ನೂ ತರುತ್ತಾನೆ. ಕವರಿಗೆ ಎರಡು ಸಲ ಗೋಂದು ಬಳಿಯುತ್ತೇನೆ. ಬಾಯಿ ಕಿತ್ತಿದ್ದರೆ ಅವನಿಗೆ ಈ ಸಲ ಕಾಫಿ ಕೊಡಬೇಡ.

ಇದಕ್ಕೆಲ್ಲ ಮೂಲ ನೀನೇ ಶಾಂತಾ. ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ನಾನು ಎರಡೂ ಕೈ ಚಾಚಿದೆ. ನೀನು ನರ್ಸಮ್ಮನಿಗೆ, ಅಷ್ಟೂ ಜನ ಬೀಗರ ಎದುರಿಗೆ ಏನು ಹೇಳಿದೆ? “ಇವ್ರು ನಿಂತಿರುವಾಗ ಕೊಡ್ಬೇಡಿ ಕಣ್ರೀ, ವಾಲಾಡ್ತಾರೆ. ಮೊದ್ಲು ಕೂತ್ಕೊಳ್ಳಲಿ.” ನಾನು ಬೆಂಚಿನ ಮೇಲೆ ಕೂತೆ. ನರ್ಸಮ್ಮ ನನ್ನ ತೊಡೆಯ ಮೇಲೆ ಮೊದಲು ಒಂದು ದಿಂಬು ಇಟ್ಟಳು, ಅದರ ಮೇಲೆ ಕೂಸನ್ನು ಇಟ್ಟಳು. ನನಗಿಂತ ಎರಡು ವರ್ಷ ದೊಡ್ಡವರಾದ ಬೀಗರು ಆಮೇಲೆ ಅದೇ ಕೂಸನ್ನು ಎತ್ತಿಕೊಂಡು ಕಿಟಕಿಯ ತನಕ ನಡೆದು, ಹೊರಗಿನ ಹೊಂಗೆಮರ ತೋರಿಸಿ ಬಂದರು. ಹುಟ್ಟಿ ಅರ್ಧ ದಿನ ಆಗಿರದ ಕೂಸಿಗೆ ಹೊಂಗೆಮರ ಏನು ಕಂಡೀತು? ಅದು ನನಗೆ ತೋರಿಸಿದ್ದು.

ನೀನು ಹೇಳಿದ್ದು ಸುಳ್ಳಾಗಿದ್ದರೆ ನಾನು ಜಗಳ ಆಡುತ್ತಿದ್ದೆ. ನಿಜವಾಗಿದ್ದಕ್ಕೇ ಹೊಟ್ಟೆ ಉರಿಯಿತು. ಹೋದ ವರ್ಷ ಬ್ಯಾರನ್ನಿನೊಳಗೆ ಸೊಪ್ಪು ನೇತುಹಾಕುವ ಅಡ್ಡಮರದಿಂದ ಜಾರಿ ಸೊಪ್ಪಿನ ರಾಶಿಯ ಮೇಲೆ ಬಿದ್ದೆನಲ್ಲ, ಇನ್ನು ಹತ್ತುವುದಿಲ್ಲ ಎಂದು ನೀನು ನನ್ನಿಂದ ಆಣೆ ಹಾಕಿಸಿಕೊಂಡೆಯಲ್ಲ, ಆವತ್ತಿನಿಂದಲೇ ಕಾಲಿನ ಮೇಲೆ ನಂಬಿಕೆ ಹೋಗಿತ್ತು. ಇನ್ನೊಂದು ಗುಟ್ಟು ಹೇಳುತ್ತೇನೆ. ಆಮೇಲೆ ನಾನು ಪ್ಯಾಂಟು ಬಿಟ್ಟು ಎಲ್ಲ ಕಡೆ ಪಂಚೆಯಲ್ಲೇ ಓಡಾಡಲು ಶುರು ಮಾಡಿದೆ. ನೀನು ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತು ಎಂದು ಸಂತೋಷಪಟ್ಟೆ, ಜರಿಯಂಚಿನದು ಎರಡು ತಂದೂ ಕೊಟ್ಟೆ. ಗಾಂಭೀರ್ಯವೂ ಇಲ್ಲ ಏನೂ ಇಲ್ಲ. ಪ್ಯಾಂಟು ಹಾಕಲು ಒಂದು ಗಳಿಗೆಯಾದರೂ ಒಂಟಿಕಾಲಲ್ಲಿ ನಿಲ್ಲಬೇಕು. ಪಂಚೆಗೆ ಆ ತಾಪತ್ರಯವಿಲ್ಲ.

ಜೂನ್ ಮೊದಲ ವಾರ ಮಾತ್ರೆ ತರಲು ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿಗೆ ಸಂಘಮಿತ್ರ ಎಂಬ ಹುಡುಗಿ ಹೊಸದಾಗಿ ಬಂದಿದ್ದಾಳೆ, ಪಿರಿಯಾಪಟ್ಟಣದವಳು. ಮಂಗಳವಾರ, ಶುಕ್ರವಾರ ಅರವತ್ತು ದಾಟಿದವರನ್ನೆಲ್ಲ ಸೇರಿಸಿ ಬೀಳದಿರುವ ಪಾಠ ಹೇಳಿಕೊಡುತ್ತಾಳೆ. “ತಾತಾ, ಏನೂ ಇಡ್ಕೊಳ್ದೆ ಒಂದೇ ಕಾಲಲ್ಲಿ ಅತ್ತು ಸೆಕೆಂಡು ನಿಂತ್ಕೊಳಿ ನೋಡ್ವಾ” ಎಂದಳು. ನನಗೆ ನಗು ಬಂತು. ನಲವತ್ತು ವರ್ಷ ಬ್ಯಾರನ್ನಿನೊಳಗೆ ಎರಡು ಅಡ್ಡಮರಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು, ಕೆಳಗಿನಿಂದ ಕೊಟ್ಟ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಕ್ಕೆ ದಾಟಿಸಿದವನು ನಾನು ಎಂದೆ. ಕಾಲೆತ್ತಿದೆ. ಮೂರನೇ ಸೆಕೆಂಡಿಗೆ ಪಕ್ಕದಲ್ಲಿದ್ದ ಚಾಮಯ್ಯನ ಟವೆಲ್ಲು ಹಿಡಿದುಕೊಂಡೆ. ಟವೆಲ್ಲು ಅವನ ಕುತ್ತಿಗೆಯಲ್ಲಿತ್ತು. ಇಬ್ಬರೂ ತೂಕದ ಮಿಷನ್ನಿನ ಮೇಲೆ ಹೋಗಿ ನಿಂತೆವು. ಅದು ನೂರಾ ಇಪ್ಪತ್ತೆಂಟು ತೋರಿಸಿತು. ನೆಲ ಇಳಿಜಾರಾಗಿದೆ ಎಂದೆ. ಚಾಮಯ್ಯ ಕುತ್ತಿಗೆ ಉಜ್ಜಿಕೊಳ್ಳುತ್ತ, “ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ” ಎಂದ. ಆ ಹುಡುಗಿ ಮಾತ್ರ ನಗಲಿಲ್ಲ. ನನ್ನನ್ನು ಎದುರು ದಿಕ್ಕಿಗೆ ತಿರುಗಿಸಿ ನಿಲ್ಲಿಸಿದಳು. ಆ ಕಡೆಗೂ ಇಳಿಜಾರೇ ಇತ್ತು.

ಆಮೇಲೆ ಯೋಚಿಸಿದೆ. ನಲವತ್ತು ವರ್ಷ ನಾನು ಕಲಿತದ್ದು ಕಾಲು ಅಗಲಿಸಿ ನಿಲ್ಲುವುದನ್ನು ಮಾತ್ರ. ನಡೆಯುವಾಗ, ಮೆಟ್ಟಿಲು ಹತ್ತುವಾಗ, ಹೊಸಲು ದಾಟುವಾಗಲೆಲ್ಲ ಮನುಷ್ಯ ಒಂದು ಗಳಿಗೆ ಒಂಟಿಕಾಲಲ್ಲೇ ಇರುತ್ತಾನೆ ಎಂದು ಆ ಹುಡುಗಿ ಹೇಳಿದ ಮೇಲೇ ನನಗೆ ಹೊಳೆದದ್ದು. “ಬಳಸ್ದಿದ್ರೆ ಮರ್ತೋಯ್ತದೆ ತಾತಾ, ಬಳಸಿದ್ರೆ ಎಪ್ಪತ್ತಕ್ಕೂ ಬತ್ತದೆ” ಎಂದಳು. ಮೊದಲ ವಾರ ಗೋಡೆ ಹಿಡಿದು, ಎರಡನೇ ವಾರ ಒಂದು ಬೆರಳು ತಾಗಿಸಿ, ಮೂರನೇ ವಾರ ಗೋಡೆಯ ಪಕ್ಕ ಸುಮ್ಮನೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯುವುದು.

ಗೆರೆಯ ಕಥೆ ಕೇಳು. ಆ ಹುಡುಗಿ ಎಲ್ಲಿಂದಲೋ ರಂಗೋಲಿ ಪುಡಿ ತಂದು ಆಸ್ಪತ್ರೆಯ ಅಂಗಳದಲ್ಲಿ ಉದ್ದಕ್ಕೆ ಚೆಂದದ ಒಂದು ಗೆರೆ ಎಳೆದಳು. ನಾವು ಹನ್ನೊಂದು ಜನ ಮುದುಕ ಮುದುಕಿಯರು ಮುಖ ಮುಖ ನೋಡಿಕೊಂಡೆವು. ರಂಗೋಲಿ ತುಳಿಯುವುದುಂಟೇ! ಚಾಮಯ್ಯ ಚಪ್ಪಲಿ ಬಿಟ್ಟು, ಗೆರೆಗೆ ಕೈಮುಗಿದು, ಅದರ ಪಕ್ಕದಲ್ಲಿ ಒಂದು ಮೊಳ ದೂರ ನಡೆದ. ಅವನ ಹಿಂದೆ ನಾವೆಲ್ಲ ಹಾಗೇ ನಡೆದೆವು. ಆ ಹುಡುಗಿ ಗಾಬರಿಯಾಗಿ ಹನ್ನೊಂದು ಜನರ ಹೆಸರಿನ ಮುಂದೆಯೂ ‘ನಡಿಗೆ ಸರಿಯಿಲ್ಲ’ ಎಂದು ಬರೆದುಬಿಟ್ಟಳು. ಕೊನೆಗೆ ವಿಷಯ ತಿಳಿದು ತಲೆ ಚಚ್ಚಿಕೊಂಡಳು. ಮುಂದಿನ ಸಲ ನಾನೇ ಸೊಪ್ಪು ಕಟ್ಟುವ ದಾರ ತೆಗೆದುಕೊಂಡು ಹೋಗಿ, ಎರಡು ತುದಿಗೂ ಕಡ್ಡಿ ಇಟ್ಟು ಬಿಗಿದು ಕೊಟ್ಟೆ. ಹೊಗೆಸೊಪ್ಪಿನ ದಾರ ತುಳಿದರೆ ಯಾವ ದೇವರಿಗೂ ಕೋಪವಿಲ್ಲ. ಎಲ್ಲರೂ ನೇರವಾಗಿ ನಡೆದರು.

ಈಗ ತಪಸ್ಸಿನ ವಿಷಯ. ಒಂಟಿಕಾಲಲ್ಲಿ ನಿಲ್ಲುವಾಗ ದೂರದ ಒಂದೇ ಜಾಗವನ್ನು ನೋಡುತ್ತಿರಬೇಕು, ಕಣ್ಣು ಅಲುಗಿದರೆ ಮೈ ಅಲುಗುತ್ತದೆ. ನಮ್ಮ ಜಗಲಿಯಿಂದ ನೋಡಿದರೆ ಬೆಟ್ಟದ ನೆತ್ತಿಯ ಗುಡಿ ಬಿಟ್ಟು ಬೇರೆ ಏನು ಕಾಣುತ್ತದೆ? ಅದನ್ನೇ ನೋಡುತ್ತ ನಿಂತೆ. ಕೈ ಸುಮ್ಮನೆ ಬಿಟ್ಟರೆ ಕಂಬ ಹಿಡಿಯಲು ಹೋಗುತ್ತದೆ ಎಂದು ಎರಡೂ ಕೈ ಜೋಡಿಸಿಕೊಂಡೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಹೆಂಗಸರು ಇದನ್ನು ನೋಡಿದರು. ಮೊದಲ ದಿನ ಸುಮ್ಮನೆ ಹೋದರು. ಮೂರನೇ ದಿನ ಒಬ್ಬಳು ಕೈಮುಗಿದಳು. ಒಂದು ವಾರಕ್ಕೆ ಜಗಲಿಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ, ಊದುಬತ್ತಿ. ನಾನು ಬಾಯಿ ಬಿಟ್ಟರೆ ಕಾಲು ಕೆಳಗೆ ಬರುತ್ತದೆ, ಬಾಯಿ ಬಿಡದಿದ್ದರೆ ಮೌನವ್ರತ ಎನ್ನುತ್ತಾರೆ. ಒಬ್ಬಳಂತೂ, “ನಿಮ್ಮರಕೆ ಜೊತೆಗೆ ನನ್ ಮಗನ್ ಮದ್ವೇದೂ ಒಂದ್ ಸೇರಿಸ್ಕೊಳಿ ಅಯ್ಯ, ಎಂಗೂ ನಿಂತೇ ಇರ್ತೀರಿ” ಎಂದಳು. ಹಣ್ಣುಗಳನ್ನೆಲ್ಲ ಚಾಮಯ್ಯ ಬಂದು ತಿಂದ. ನಾನು ತಿಂದದ್ದು ನಾಲ್ಕೇ. ಆ ಹೆಂಗಸಿನ ಮಗನಿಗೆ ಹೋದ ವಾರ ಎಚ್.ಡಿ. ಕೋಟೆಯಲ್ಲಿ ಹೆಣ್ಣು ಗೊತ್ತಾಯಿತು, ಅದಕ್ಕೆ ನಾನು ಜವಾಬ್ದಾರನಲ್ಲ.

ಇಷ್ಟೇ ಶಾಂತಾ, ಹರಕೆಯೂ ಇಲ್ಲ, ತಪಸ್ಸೂ ಇಲ್ಲ. ಬ್ಯಾರನ್ ಹತ್ತಲು ಕಲಿಯುತ್ತಿದ್ದಾನೆ ಎಂದೂ ಅನುಮಾನ ಪಡಬೇಡ. ಹೋದ ವಾರ ಸೊಪ್ಪು ಏರಿಸುವಾಗ ಒಬ್ಬ ಆಳು ಬರಲಿಲ್ಲ. ಮಗ ಹೊರಗೆ ಹೋಗಿದ್ದ. ಅಡ್ಡಮರಕ್ಕೆ ಕೈ ಹಾಕಿದೆ, ಒಂದು ಕಾಲನ್ನೂ ಇಟ್ಟೆ. ಆಮೇಲೆ ಕೂಸಿನ ನೆನಪಾಯಿತು, ಇಳಿದುಬಿಟ್ಟೆ. ನಿನ್ನ ಆಣೆಯ ನೆನಪಾಯಿತು ಎಂದು ಬರೆಯಬೇಕಿತ್ತು, ಆದರೆ ನಿಜ ಬರೆಯುತ್ತೇನೆ ಎಂದು ಕೂತಿದ್ದೇನೆ.

ಕೂಸಿನ ತೂಕ ಎಷ್ಟು ಎಂದು ಹೋದ ತಿಂಗಳು ಪುಟ್ಟಿಯನ್ನು ಕೇಳಿದ್ದೆ. ಐದು ಕೆ.ಜಿ. ಎಂದಳು. ಆವತ್ತಿನಿಂದ ಐದು ಕೆ.ಜಿ. ಅಕ್ಕಿಯನ್ನು ಚೀಲಕ್ಕೆ ತುಂಬಿ, ನಿನ್ನ ಹಳೆಯ ಶಾಲು ಸುತ್ತಿ, ಎದೆಗೆ ಒತ್ತಿ ಹಿಡಿದುಕೊಂಡು ಹಿತ್ತಲಿನಲ್ಲಿ ದಾರದ ಮೇಲೆ ನಡೆಯುತ್ತಿದ್ದೇನೆ. ಸೊಸೆ ಮೊಬೈಲು ಹಿಡಿದು ಹೊತ್ತು ಲೆಕ್ಕ ಹಾಕುತ್ತಾಳೆ. ಒಂದು ದಿನ ಅಭ್ಯಾಸಬಲದಿಂದ ಚೀಲವನ್ನು ತಟ್ಟುತ್ತ ‘ಜೋ ಜೋ’ ಎಂದುಬಿಟ್ಟೆ. ಅವಳು ನಗು ತಡೆಯಲಾರದೆ ಒಳಗೆ ಓಡಿದಳು. ಚಾಮಯ್ಯ ಬಂದು ಶಾಲು ಸರಿಸಿ ನೋಡಿ, “ನಿನ್ ಮುಖಾನೇ ಬಂದದೆ ಕಣ್ಲಾ” ಎಂದ. ಎಪ್ಪತ್ತನಾಲ್ಕು ವರ್ಷವಾದರೂ ಅವನ ಬಾಯಿ ಹಾಗೇ ಇದೆ.

ಫಲ ಕೇಳು. ಸೋಮವಾರ ಸೊಸೆಯ ಲೆಕ್ಕದಲ್ಲಿ ಮೂವತ್ತೆರಡು ಸೆಕೆಂಡು! ಗೋಡೆ ಇಲ್ಲ, ಕಂಬ ಇಲ್ಲ, ಚಾಮಯ್ಯನ ಟವೆಲ್ಲೂ ಇಲ್ಲ. ಮಾರನೇ ದಿನ ಆರೋಗ್ಯ ಕೇಂದ್ರದಲ್ಲೂ ಅಷ್ಟೇ ಹೊತ್ತು ನಿಂತು ತೋರಿಸಿದೆ, ಸಂಘಮಿತ್ರ ಚಪ್ಪಾಳೆ ತಟ್ಟಿದಳು. ಮನೆಗೆ ಬಂದು ಟ್ರಂಕಿನಿಂದ ಕಂದು ಬಣ್ಣದ ಪ್ಯಾಂಟು ತೆಗೆದು, ನಡುಮನೆಯಲ್ಲಿ ನಿಂತುಕೊಂಡೇ ಹಾಕಿದೆ. ಸೊಂಟದ ಹತ್ತಿರ ಬಿಗಿಯಾಗಿದೆ, ಆ ದೋಷ ಕಾಲಿನದಲ್ಲ.

ಹದಿನೇಳನೇ ತಾರೀಕು ಭಾನುವಾರ ನಾಮಕರಣ. ಆಷಾಢ ಕಳೆಯಲಿ ಎಂದು ಇಷ್ಟು ದಿನ ಕಾದದ್ದು ನನಗೆ ಅನುಕೂಲವೇ ಆಯಿತು. ಅವತ್ತು ನಾನು ಪ್ಯಾಂಟಿನಲ್ಲಿ ಬರುತ್ತೇನೆ. ಕುರ್ಚಿ ಹಾಕಿಸಬೇಡ. ದಿಂಬು ತರಿಸಬೇಡ. ಆಸ್ಪತ್ರೆಯಲ್ಲಿ ಯಾರು ಯಾರ ಎದುರಿಗೆ ಬೇಡ ಎಂದೆಯೋ ಅವರೆಲ್ಲರ ಎದುರಿಗೆ, ನಾನು ನಿಂತಿರುವಾಗಲೇ, ಕೂಸನ್ನು ನನ್ನ ಕೈಗೆ ಕೊಡು. ಕಿಟಕಿಯ ತನಕ ನಡೆಯುತ್ತೇನೆ. ಅಲ್ಲಿ ಮರ ಇದೆಯೋ ಇಲ್ಲವೋ ಗೊತ್ತಿಲ್ಲ, ಕರೆಂಟ್ ಕಂಬವಾದರೂ ತೋರಿಸುತ್ತೇನೆ. ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಕಡಿಮೆ. ಇದನ್ನು ಕೇಳುತ್ತಿದ್ದೇನೆ.

ಪುಟ್ಟಿಗೂ ಅಳಿಯಂದಿರಿಗೂ ನನ್ನ ತುಂಬು ಹರಕೆ. ಈ ಹರಕೆ ಬಾಯಿಂದ ಕೊಡುವಂಥದ್ದು, ಕಾಲಿನದಲ್ಲ ಎಂದು ಬೀಗಿತ್ತಿಗೆ ಹೇಳು. ಬೀಗರಿಗೆ ಶರಣು. ಕೂಸಿನ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಎಷ್ಟೇ ವಯಸ್ಸಾದರೂ ಅವು ಅವಳ ಮಾತು ಕೇಳುತ್ತಿರಲಿ.

ನಿನ್ನ ದಾರಿ ನೋಡುತ್ತ ನಿಂತಿರುವ,
ನಂಜುಂಡಸ್ವಾಮಿ

ಮರೆತಿದ್ದೆ: ಪುಟ್ಟಮಲ್ಲಪ್ಪ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಮೂವತ್ತೆರಡು ಸೆಕೆಂಡು ಎಂದು ಬರೆದೆನಲ್ಲ, ಅದು ಬಲಗಾಲು. ಎಡಗಾಲು ಇನ್ನೂ ಒಂಬತ್ತರಲ್ಲೇ ಇದೆ, ಹತ್ತು ದಾಟಿಲ್ಲ. ಯಾರಿಗೂ ಹೇಳಬೇಡ. ಕೂಸನ್ನು ಕೊಟ್ಟ ಮೇಲೆ ನೀನು ನನ್ನ ಎಡಗಡೆಗೆ ಬಂದು ನಿಂತುಕೋ, ಕಿಟಕಿಯ ತನಕ ಜೊತೆಗೆ ನಡೆ. ಫೋಟೋ ತೆಗೆಯುವಾಗ ನೀನು ಯಾವಾಗಲೂ ನಿಲ್ಲುವುದು ಆ ಕಡೆಯೇ ಅಲ್ಲವೇ, ಯಾರಿಗೂ ಅನುಮಾನ ಬರುವುದಿಲ್ಲ. ಕೈ ಹಿಡಿಯುವುದು ಬೇಡ. ಸುಮ್ಮನೆ ಪಕ್ಕದಲ್ಲಿರು, ಸಾಕು.